ಕೈ ಇಳಿಸುವವರೆಗೆ

ಬಿಜೂರಿನ ನಮ್ಮ ಶಾಲೆ ಹತ್ತಿರ ಬಂದು ‘ಪದ್ಮಾಕ್ಷಿ ಟೀಚರ್’ ಅಂತ ಕೇಳಿದರೆ ಯಾರಿಗೂ ಗೊತ್ತಾಗೂದಿಲ್ಲ. ‘ಮೊಬೈಲ್ ಟೀಚರ್’ ಅಂದರೆ ಸಾಕು. ನಗ್ಲಿ ಮಾರಾಯ್ರೆ, ನಂಗೆಂತ! ಕ್ಲಾಸಲ್ಲಿ ಬಾಯಿ ಬಿಡದ ಮಕ್ಕಳು ಮೊಬೈಲ್ ಎದುರು ಪಟಪಟ ಮಾತಾಡ್ತಾರೆ. ಅದಕ್ಕೇ ನಾಲ್ಕನೇ ಕ್ಲಾಸಿನವರಿಂದ ವಿಡಿಯೊದಲ್ಲಿ ಉತ್ತರ ಹೇಳಿಸ್ತೇನೆ. ಶಾಲೆಯಲ್ಲಿ ರೆಕಾರ್ಡ್ ಮಾಡುವಾಗ ಗಲಾಟೆಯಾದರೆ ನಾನು ಕೂಗೂದಿಲ್ಲ. ಎರಡೂ ಕೈ ತಲೆ ಮೇಲೆತ್ತಿ ಒಂದಕ್ಕೊಂದು ಅಡ್ಡ ಹಿಡಿದು ಕತ್ತರಿ ಹಾಕ್ತೇನೆ. ಎಲ್ಲರೂ ಇದ್ದಲ್ಲೇ ಕಂಬ, ಪಿಟಕ್ ಅನ್ನೂಕಿಲ್ಲ. ಕೈ ಇಳಿಸಿದ ಮೇಲೆ ಮತ್ತೆ ಶುರು.

ಮೊನ್ನೆ ಕೊಟ್ಟ ಪ್ರಶ್ನೆ, ‘ಶಾಲೆಗೆ ಬರುವ ದಾರಿಯಲ್ಲಿ ಎಂತೆಂತ ಕಾಣ್ತದೆ?’ ಮನೆಯಿಂದ ಕಳಿಸಿದ ಉತ್ತರಗಳನ್ನು ಬೆಳಿಗ್ಗೆ ಕುಂದಾಪುರದಿಂದ ಶಾಲೆಗೆ ಬರುವ ಬಸ್ಸಿನಲ್ಲಿ ಕೂತು ನೋಡ್ತಿದ್ದೆ. ಯಾಮಿನಿ ಹಳ್ಳದ ಸಂಕದ ಮೇಲೆ ನಿಂತಿದ್ದಳು. ಸಂಕ ಅಂದರೆ ಎಂತ, ಆಚೆಯಿಂದ ಈಚೆಗೆ ಹಾಸಿದ ಎರಡು ತೆಂಗಿನ ಮರ.

“ಇದ್ ನಮ್ ಸಂಕ. ನಾನ್ ದಿನಾ ತಮ್ಮನ ಕೈ ಹಿಡ್ಕಂಡ್ ದಾಟ್ತೆ.”

ಎಷ್ಟು ಚಂದ ಹೇಳಿದ್ದಾಳೆ ಅಂತ ಇನ್ನೊಮ್ಮೆ ಹಾಕಿದೆ. ಆಗ ಕಂಡಿತು. ಅವಳು ತಿರುಗಿದ ಕೂಡಲೇ ಕಾಲಡಿಯ ಮರ ಚೂರು ಹೊರಳಿತು. ಅವಳ ಹಿಂದೆ, ಶಾಲೆ ಬದಿಯ ದಡದ ಮಣ್ಣು ಕುಸಿದು ಮರದ ತುದಿ ಬರೀ ಒಂದು ಬೇರಿನ ಮೇಲೆ ಕೂತಿತ್ತು.

ವಿಡಿಯೊ ನಿನ್ನೆ ಸಂಜೆಯದ್ದು. ರಾತ್ರಿಯಿಡೀ ಮಳೆ ಹೊಯ್ದಿತ್ತು. ಈಗ ಮಕ್ಕಳು ಹೊರಡುವ ಹೊತ್ತು.

ಅವಳ ಅಮ್ಮ ಶರ್ಮಿಳಾಗೆ ಫೋನ್ ಮಾಡಿದೆ. ರಿಂಗಾಯ್ತು, ಎತ್ತಲಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ಮೊಬೈಲ್ ಹೊರಗಿಟ್ಟೇ ಒಳಗೆ ಹೋಗಬೇಕು. ಅಪ್ಪ ದಿನಕರ ಕೊಲ್ಲೂರಲ್ಲಿ ಜೀಪು ಓಡಿಸುವವ, ಕಾಡಿನ ದಾರಿಯಲ್ಲಿ ನೆಟ್‌ವರ್ಕೇ ಇಲ್ಲ. ಹಳ್ಳದ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಇಳಿದೆ. ಸೀರೆ ಎತ್ತಿ ಕಟ್ಟಿ ಗದ್ದೆ ಅಂಚಿನಲ್ಲಿ ಬಿದ್ದೆನೋ ಎದ್ದೆನೋ ಅಂತ ಓಡಿದೆ.

ಹಳ್ಳ ಕೆಂಪಗೆ ಉಕ್ಕಿ ಹರೀತಿತ್ತು. ಆಚೆ ದಡಕ್ಕೆ ಆಗಷ್ಟೇ ಬಂದಿದ್ದರು ಯಾಮಿನಿ ಮತ್ತು ಒಂದನೇ ಕ್ಲಾಸಿನ ತಮ್ಮ ರಂಜನ್.

“ಹ್ವಾಯ್! ಬರ್ಬೇಡಿ ಮಕ್ಳೆ! ಅಲ್ಲೇ ನಿಲ್ಲಿ!”

ನೀರಿನ ಅಬ್ಬರಕ್ಕೆ ನನ್ನ ದನಿ ನನಗೇ ಕೇಳಲಿಲ್ಲ. ಹಿಂದೆ ಹೋಗಿ ಅಂತ ಜೋರಾಗಿ ಕೈ ಬೀಸಿದೆ. ಬೀಸಿದ್ದೇ ತಪ್ಪಾಯ್ತು ಕಾಣಿ. ಟೀಚರ್ ಬೇಗ ಬಾ ಅಂತಿದ್ದಾರೆ ಅಂದ್ಕೊಂಡು ಹುಡುಗಿ ನಗ್ತಾ ಓಡಿ ಬಂದು ಮರದ ಮೇಲೆ ಕಾಲಿಟ್ಟೇಬಿಟ್ಟಳು. ಕೈ ಹಿಡಿದು ತಮ್ಮನನ್ನೂ ಎಳೆದಳು.

ಅಯ್ಯೋ ದೇವರೇ, ಎಂತ ಮಾಡೂದು ಈಗ!

ಎರಡೂ ಕೈ ತಲೆ ಮೇಲೆತ್ತಿ ಕತ್ತರಿ ಹಾಕಿದೆ.

ಯಾಮಿನಿ ಇದ್ದಲ್ಲೇ ಕಂಬವಾದಳು. ಒಂದು ಕಾಲು ಮರದ ಮೇಲೆ, ಒಂದು ಕಾಲು ನೆಲದ ಮೇಲೆ. ಅಷ್ಟರಲ್ಲಿ ನನ್ನ ಬದಿಯ ಬೇರು ಕಿತ್ತು ಬಂತು. ಮರ ಎರಡೂ ಹೊರಳಿ ದಡಾರನೆ ಹಳ್ಳಕ್ಕೆ ಬಿದ್ದು ಕೊಚ್ಚಿಕೊಂಡು ಹೋದವು. ಹುಡುಗಿ ಹಿಂದಕ್ಕೆ, ಕೆಸರಿಗೆ ಬಿದ್ದಳು.

ಬಿದ್ದವಳು ಎದ್ದು, ತಮ್ಮನ ಕೈ ಹಿಡಿದು, ಮತ್ತೆ ಕಂಬದ ಹಾಗೆ ನಿಂತಳು. ದಡದ ತುದಿಯಲ್ಲೇ! ಕಣ್ಣು ನನ್ನ ಕೈ ಮೇಲೆ. ಹಿಂದೆ ಹೋಗು ಅಂತ ಹೇಳುವುದು ಹೇಗೆ? ಕೈ ಇಳಿಸಿದರೆ ಶುರು ಮಾಡು ಅಂತ ಅರ್ಥ. ಎತ್ತಿದ ಕೈ ಎತ್ತಿಯೇ ನಿಂತೆ.

ಮರ ಬಿದ್ದ ಸದ್ದಿಗೆ ಆಚೆ ದಡದ ಮನೆಯ ಚಂದಯ್ಯ ಓಡಿ ಬಂದರು. ಇಬ್ಬರನ್ನೂ ರಟ್ಟೆ ಹಿಡಿದು ದೂರಕ್ಕೆ ಎಳೆದುಕೊಂಡರು.

ಆಗ ನಾನು ಕೈ ಇಳಿಸಿದೆ. ಆಮೇಲೇ ಯಾಮಿನಿ ಅಳೂಕೆ ಶುರು ಮಾಡಿದ್ದು.