ಪುಸ್ತಕದಲ್ಲಿ ಊದಿದ ಸೈರನ್

ಸತ್ತೆವ್ವ ಕೌದಿಯನ್ನು ಬಂಡೆಗೆ ಅಪ್ಪಳಿಸುತ್ತಿದ್ದಳು. ನವರಾತ್ರಿ ಮುಂದಿದ್ದರೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ಹೊಳೆ ಕಾಣಲೇಬೇಕು. ನಳದ ನೀರಿಗೆ ಕೌದಿ ನೆನೆಯುವುದೂ ಇಲ್ಲ. ಅವಳೂ ಸೇರಿ ಹನ್ನೊಂದು ಹೆಂಗಸರು ಹೊಳೆಯ ನಡುವಿನ ಬಂಡೆಗಳ ಮೇಲಿದ್ದರು. ಆಣೆಕಟ್ಟಿನ ವಿದ್ಯುತ್ ಮನೆಯಲ್ಲಿ ಯಂತ್ರ ನಿಂತರೆ ಇಲ್ಲಿ ಮೊಣಕಾಲುದ್ದ ನೀರು. ಪೇಟೆಯಲ್ಲಿ ಕರೆಂಟಿನ ಬೇಡಿಕೆ ಏರಿತೆಂದು ಯಂತ್ರ ತಿರುಗಿಸಿದರೆ, ಬೀಡಿ ಸೇದಿ ಮುಗಿಸುವಷ್ಟರಲ್ಲಿ ಎದೆಮಟ್ಟ. ಅದಕ್ಕೇ ಮೊದಲು ಸೈರನ್ ಊದಬೇಕು.

ಹೋದ ವರ್ಷ ಇಲ್ಲೇ ಸತ್ತೆವ್ವನ ತಂಗಿ ಗೌರವ್ವ ಕೊಚ್ಚಿಹೋದಳು. ಸೈರನ್ ಊದಿರಲಿಲ್ಲ. ವಿದ್ಯುತ್ ಮನೆಯ ಎಂಜಿನಿಯರ್ ಗಜಾನನ ಸಾಹೇಬರು ಪಾಳಿಯ ಪುಸ್ತಕ ತೆರೆದು ತೋರಿಸಿದರು: 'ಸೈರನ್ ಊದಿದೆ'. ಆಕೆಗೆ ಕಿವಿ ಮಂದವಿರಬೇಕೆಂದು ಮರುಗಿದರು ಕೂಡ. ದೊಡ್ಡ ಮನಸ್ಸು. ಆ ದಿನ ಸೈರನ್ ಪಾಳಿಯಲ್ಲಿದ್ದವನು ಸತ್ತೆವ್ವನ ಗಂಡ ಉದ್ದಪ್ಪ. ಗುತ್ತಿಗೆಯ ಕೆಲಸ ಹೋದೀತೆಂದು ನೆಲ ನೋಡಿದ. ಜಿಲ್ಲಾಧಿಕಾರಿಗೆ ಅವಳು ಬರೆದ ಅರ್ಜಿ ಅವನ ಸಹಿಗಾಗಿ ವರ್ಷವಿಡೀ ಜೋಳದ ಗಡಿಗೆಯಲ್ಲಿ ಕಾಯಿತು.

ಇವತ್ತು ಸಂಜೆಯವರೆಗೆ ಯಂತ್ರ ತಿರುಗಿಸುವುದಿಲ್ಲವೆಂದು ಸಾಹೇಬರೇ ಡಂಗುರ ಹೊಡೆಸಿದ್ದರು. ಮಧ್ಯಾಹ್ನವೇ ಸತ್ತೆವ್ವನ ಸಾಬೂನಿನ ಡಬ್ಬಿ ಬಂಡೆ ಬಿಟ್ಟು ತೇಲಿತು.

"ಏಳ್ರವಾ, ನೀರ ಬಂತು," ಎಂದು ಕೂಗಿದಳು.

ಒಬ್ಬರ ಸೆರಗು ಒಬ್ಬರು ಹಿಡಿದು ದಡ ಸೇರಿದರು. ಕೌದಿಗಳು ಹೋದವು. ಒದ್ದೆ ಸೀರೆಯಲ್ಲೇ ವಿದ್ಯುತ್ ಮನೆಗೆ ನಡೆದರು. ಸಾಹೇಬರು ಮತ್ತೆ ಪುಸ್ತಕ ತಂದರು.

"ಬರದೈತಿ ನೋಡ್ರಿ. ಹನ್ನೊಂದೂ ಮಂದಿಗಿ ಕಿವಿ ಇಲ್ಲೇನು?"

"ನಿಮ್ಮ ಬುಕ್ಕಿಗಿ ಬಾಯಿ ಐತ್ರಿ, ಸೈರನ್ನಿಗಿ ಇಲ್ಲ," ಎಂದಳು ನೆರೆಮನೆಯ ಅಲ್ಲವ್ವ.

ಸಾಹೇಬರು ಉದ್ದಪ್ಪನನ್ನು ಕರೆದರು. ಬಟನ್ ಒತ್ತಿದ್ದೆಯೋ ಇಲ್ಲವೋ, ನೀನೇ ಹೇಳು ಎಂದರು. ಉದ್ದಪ್ಪ ಹೆಂಡತಿಯ ಸೀರೆಯಿಂದ ಸುರಿಯುವ ನೀರನ್ನು ನೋಡಿದ.

"ಒತ್ತೇನ್ರಿ. ದಿನಾ ಒತ್ತತೇನಿ. ವೈರ್ ಕಡದು ಎರಡ ವರ್ಷ ಆತು. ಒತ್ತು, ಊದೇತಿ ಅಂತ ಬರಿ, ಪಗಾರ ತಗೋ ಅಂದವ್ರು ನೀವ ಅಲ್ಲೇನ್ರಿ?"

ನಾಡಿಗೆಲ್ಲ ಬೆಳಕು ಹುಟ್ಟಿಸುವ ಮನೆ. ಒಂದು ಸೈರನ್ನಿಗೆ ಕರೆಂಟ್ ಇಲ್ಲ.

"ನಾಳಿಂದ ಕೆಲಸಕ್ಕ ಬರಬ್ಯಾಡ."

"ಬರಾಂಗಿಲ್ರಿ. ಒಂದ ಸಹಿ ಬಾಕಿ ಐತಿ."

ಜೋಳದ ಗಡಿಗೆಯಿಂದ ಹೊರಬಂದ ಅರ್ಜಿಯ ಕೆಳಗೆ ಉದ್ದಪ್ಪನ ಸಹಿ ಬಿತ್ತು. ಅದರ ಕೆಳಗೆ ಹನ್ನೊಂದು ಹೆಂಗಸರ ಸಹಿ, ಹೆಬ್ಬೆಟ್ಟು. ಕೊಣ್ಣೂರಿನ ಅಂಚೆ ಕಚೇರಿಯಲ್ಲಿ ಕರೆಂಟ್ ಹೋಗಿತ್ತು. ಕಂಪ್ಯೂಟರ್ ಇಲ್ಲದೆ ರಿಜಿಸ್ಟರ್ ರಸೀದಿ ಬರುವುದಿಲ್ಲ, ನಾಳೆ ಬನ್ನಿ ಎಂದ ಗುಮಾಸ್ತ.

"ವರ್ಷ ಕಾದೇವ್ರಿ. ಕರೆಂಟ್ ಬರೂತನಾ ಕುಂಡರ್ತೇವಿ," ಎಂದಳು ಸತ್ತೆವ್ವ.

ಹನ್ನೆರಡು ಜನ ನೆಲಕ್ಕೆ ಕುಳಿತರು. ಅವರ ಸುತ್ತ ಹೊಳೆಯ ನೀರು ಹರಡಿತು. ತಾಸಿನ ಮೇಲೆ ಕರೆಂಟ್ ಬಂತು. ಗುಮಾಸ್ತ ಲಕೋಟೆ ತೂಗಿ, ರಸೀದಿ ಹರಿದು, ಮುದ್ರೆ ಹೊಡೆದ.

ಸಾಹೇಬರ ಲೆಕ್ಕದ ಕಿವುಡರಿಗೆಲ್ಲ ಆ ಸದ್ದು ಚೆನ್ನಾಗಿ ಕೇಳಿಸಿತು.