ಎಡಮಗ್ಗುಲು

ಜೀಪಿನ ಹಿಂದಿನ ಎಡಚಕ್ರದ ಒಳಮೈಗೆ ಒಮ್ಮೆ ಆಡಿಸಿದ ಬಟ್ಟೆ ಬೆಳ್ಳಗಾಗಿ ಹೊರಬಂದಿತು. ಗೋಣಿತಾಟಿನ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ತಲೆ ತೂರಿಸಿದ್ದ ಮಗಳು ಮೊದಲು ಅದನ್ನು ಸಾಬೂನಿನ ನೊರೆ ಅಂದುಕೊಂಡಳು. ಬೆರಳ ನಡುವೆ ಉಜ್ಜಿ ನೋಡಿದಳು. ನೊರೆಯಲ್ಲ, ಸುಣ್ಣ.

ಸುಣ್ಣ ಅವಳಿಗೆ ಹೊಸದಾಗಿರಲಿಲ್ಲ. ಬೆಟ್ಟದ ದಾರಿಯುದ್ದಕ್ಕೂ ಕೊಳ್ಳದ ಅಂಚಿಗೆ ಗೇಣೆತ್ತರದ ಕಲ್ಲು ನೆಟ್ಟು ಸುಣ್ಣ ಬಳಿದಿದ್ದಾರೆ. ಗಾಡಿ ಇಳಿಯುವಾಗ ಕೊಳ್ಳ ಎಡಕ್ಕೆ ಬರುತ್ತದೆ. ಕೆಲವು ತಿಂಗಳಿಂದ ಎಡಚಕ್ರಗಳ ಹೊರಮೈಗೆ ಆ ಸುಣ್ಣ ಹತ್ತಿಕೊಂಡು ಬರುತ್ತಿತ್ತು, ಅವಳು ತೊಳೆಯುತ್ತಿದ್ದಳು. ಹೊರಮೈಗೆ ಹತ್ತಿದರೆ ಚಕ್ರ ಕಲ್ಲನ್ನು ಸವರಿಕೊಂಡು ಹೋಗಿದೆ ಎಂದರ್ಥ. ಇವತ್ತು ಒಳಮೈಗೆ ಹತ್ತಿತ್ತು. ಅಡಿಯ ಕಬ್ಬಿಣದ ಮೇಲೂ ಒಂದು ಬಿಳಿ ಗೀರು ಎದ್ದಿತ್ತು. ಕಲ್ಲು ಗಾಡಿಯ ಹೊಟ್ಟೆಯಡಿ ಹಾದುಹೋಗಿದೆ. ಅಂದರೆ ಚಕ್ರ ಕಲ್ಲಿನಾಚೆ ಇತ್ತು. ಕಲ್ಲಿನಾಚೆ ಮೊಳದಷ್ಟು ಹುಲ್ಲುನೆಲ, ಆಮೇಲೆ ಏನೂ ಇಲ್ಲ.

ಎಡಮಗ್ಗುಲು ತೊಳೆಯುವುದು ಇನ್ನೂ ಬಾಕಿಯಿತ್ತು, ಅವಳು ಅಲ್ಲೇ ಮಲಗಿದ್ದಳು. ಏಳಲು ಮನಸ್ಸಾಗಲಿಲ್ಲ, ಮೈಯಲ್ಲಿ ತ್ರಾಣವೂ ಇರಲಿಲ್ಲ. ಬೆಳಗಿನಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಕಾಲು ಮರಗಟ್ಟಿದ್ದವು. ಅಲ್ಲಿ ರೋಗಿಗಳ ಹೊದಿಕೆ, ಇಲ್ಲಿ ಅಪ್ಪನ ಜೀಪು, ಇಲ್ಲಿಂದ ಎರಡು ಬೀದಿ ದಾಟಿ ತನ್ನ ಮನೆಗೆ ಹೋದರೆ ಅಲ್ಲಿ ಪಾತ್ರೆ. ಅವಳ ಕೈ ಒಣಗಿದ್ದನ್ನು ಯಾರೂ ನೋಡಿರಲಿಲ್ಲ. “ನಿನ್ನ ತವರಲ್ಲಿ ಜೀಪಿಗೂ ದಿನಾ ಸ್ನಾನ. ಇಲ್ಲಿ ಗಂಡ ಅನ್ನಿಸಿಕೊಂಡವನ ಬೆನ್ನು ಉಜ್ಜೋಕೆ ಯಾರೂ ಗತಿಯಿಲ್ಲ” ಎಂದು ಗಂಡ ಆಗಾಗ ರಾಗ ಎಳೆಯುತ್ತಿದ್ದ. ಅವನ ಮಾತಿಗೆ ನಗುವುದನ್ನೂ ಅವಳು ಬಿಟ್ಟು ಬಹಳ ಕಾಲವಾಗಿತ್ತು.

ಅಪ್ಪನ ಸೊಂಟ ಹಿಡಿದುಕೊಂಡ ಮೇಲೆ ಈ ಕೆಲಸ ಅವಳ ಪಾಲಿಗೆ ಬಂದಿತ್ತು. ಬೆಟ್ಟದ ತುದಿಯಲ್ಲಿ ಟೀವಿ ಪ್ರಸಾರದ ಗೋಪುರವಿದೆ, ಅಲ್ಲಿನ ನೌಕರರನ್ನು ಬೆಳಿಗ್ಗೆ ಹತ್ತಿಸಿ ಸಂಜೆ ಇಳಿಸುವುದು ಅಪ್ಪನ ಕೆಲಸ. ಮಾಮೂಲಿ ಗಾಡಿಗಳು ಆ ದಾರಿಯ ಮೊದಲ ತಿರುವಿಗೇ ಏದುಸಿರು ಬಿಡುತ್ತವೆ. ಜೀಪು ಅವನ ಸ್ವಂತದ್ದು, ಅದನ್ನು ತೊಳೆಯುವ ಕ್ರಮವೂ ಅವನ ಸ್ವಂತದ್ದು. ಪೈಪು ಹಿಡಿಯಬಾರದು, ನೀರು ಸಂದಿಗೊಂದಿಗೆ ಹೊಕ್ಕು ತುಕ್ಕು ಹಿಡಿಯುತ್ತದೆ. ಒಂದು ಬಕೆಟಿನಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬರೀ ನೀರು. ಮೇಲಿನಿಂದ ಶುರುಮಾಡಿ ಕೆಳಗೆ ಬರಬೇಕು. ಚಕ್ರದ ಮೇಲಿನ ಕಮಾನಿನೊಳಗೆ ಕೂತ ಕೆಸರನ್ನು ಬೆರಳಿನಿಂದಲೇ ಕೆರೆಯಬೇಕು. “ಒಂದು ಚೂರು ಉಳೀಬಾರ್ದು ಕಣೆ. ಉಳಿದ ಕೆಸರು ಕಬ್ಬಿಣ ತಿನ್ನುತ್ತೆ” ಎಂದು ಅವನು ಹೇಳಿದ್ದ. ಬೆಳಿಗ್ಗೆ ಹೊರಡುವ ಮುಂಚೆ ಜೀಪಿನ ಸುತ್ತ ಬಂದು, ಮೈಮೇಲೆಲ್ಲ ಅಂಗೈ ಆಡಿಸಿ, ಚಕ್ರದೊಳಕ್ಕೂ ಕೈ ತೂರಿಸಿ ನೋಡುತ್ತಿದ್ದ. ಮದುವೆ ಹೆಣ್ಣನ್ನೂ ಯಾರೂ ಇಷ್ಟು ನೋಡುವುದಿಲ್ಲ ಎಂದು ಅಮ್ಮ ಗೊಣಗುತ್ತಿದ್ದಳು. ಜೀಪನ್ನು ಅವಳು ಕರೆಯುತ್ತಿದ್ದುದೇ ಸವತಿ ಎಂದು.

ಮೊದಲ ಸಲ ಎಡಬಾಗಿಲಿನ ಮೇಲೆ ಗೀರು ಕಂಡಾಗ ಮಗಳು ಅಮ್ಮನಿಗೆ ತೋರಿಸಿದ್ದಳು. ಅಮ್ಮ ಮರುದಿನ ಜೀಪಿನದೇ ಹಸಿರಿನ ಸಣ್ಣ ಡಬ್ಬಿ ಪೇಂಟು ತಂದು ಸೌದೆಯ ಹಿಂದೆ ಇಟ್ಟಿದ್ದಳು. ಅಪ್ಪನ ಎಡಗಣ್ಣು ಮಂಜಾಗುತ್ತಿರುವ ಸಂಗತಿ ಅಮ್ಮನಿಗೆ ಮುಂಚೆಯೇ ಗೊತ್ತಿರಬೇಕು. ಚಹಾದ ಲೋಟವನ್ನು ಅವಳು ಈಚೆಗೆ ಅವನ ಬಲಕ್ಕೇ ಇಡುತ್ತಿದ್ದಳು. ಎಡಕ್ಕಿಟ್ಟ ಲೋಟಗಳು ಉರುಳಿಬೀಳುತ್ತಿದ್ದವು. “ಅವರಿಗೆ ಹೇಳ್ಬೇಡ. ಗಾಡಿ ಬಿಟ್ರೆ ಆ ಮನುಷ್ಯ ಹಾಸಿಗೆ ಹಿಡೀತಾರೆ” ಎಂದು ಅಮ್ಮ ಅಂದಿದ್ದಳು. ಅಂದಿನಿಂದ ತಾಯಿ ಮಗಳು ಇಬ್ಬರೂ ಸೇರಿ ಅಪ್ಪನಿಂದ ಅಪ್ಪನನ್ನೇ ಮುಚ್ಚಿಡುತ್ತಿದ್ದರು. ಒಬ್ಬಳು ಗೀರಿಗೆ ಬಣ್ಣ ತುಂಬುತ್ತಿದ್ದಳು, ಇನ್ನೊಬ್ಬಳು ಲೋಟ ಜರುಗಿಸುತ್ತಿದ್ದಳು.

ಗೇಟಿನ ಬಳಿ ಚಪ್ಪಲಿಯ ಸದ್ದಾಯಿತು. ಗೋಪುರದ ಅಡುಗೆಯವನು ಮರೆತುಹೋದ ಚೀಲ ಒಯ್ಯಲು ಬಂದಿದ್ದ. ಮುಂದಿನ ಎಡಸೀಟು ಯಾವಾಗಲೂ ಅವನದೇ. ಮಗಳು ಅಡಿಯಿಂದ ಜಾರಿ ಹೊರಬಂದು ಕೂತಳು.

“ಅಣ್ಣಾ, ಇವತ್ತು ಇಳೀತಾ ದಾರೀಲಿ ಏನಾದ್ರೂ ಆಯ್ತಾ?”

“ಏನಾಗುತ್ತಮ್ಮ? ಒಂದು ಕಡೆ ದಡಕ್ ಅಂದ ಹಾಗಾಯ್ತು. ಹಳ್ಳವೋ ಏನೋ.”

“ನೀವು ನೋಡ್ಲಿಲ್ವಾ?”

ಅವನು ನಕ್ಕ. “ನಾನು ಹತ್ತಿ ಕೂತ ಕೂಡಲೇ ಕಣ್ಣು ಮುಚ್ಚೋನು. ಹಿಂದೆ ಕೂತವರಿಗೆ ಟಾರ್ಪಾಲು ಬಿಟ್ರೆ ಬೇರೇನೂ ಕಾಣಲ್ಲ. ನಿಮ್ಮಪ್ಪ ನೋಡ್ತಾರಲ್ಲ, ಮಿಕ್ಕವರು ಯಾಕೆ ನೋಡ್ಬೇಕು ಹೇಳಿ?”

ಚೀಲ ಹೆಗಲಿಗೇರಿಸಿ ಅವನು ಹೊರಟುಹೋದ.

ಅಪ್ಪ ಒಳಗೆ ಗೋಡೆಗೊರಗಿ ಸೊಂಟಕ್ಕೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಹೇಗೆ ಶುರುಮಾಡುವುದೆಂದು ತಿಳಿಯದೆ, “ಅಪ್ಪ, ಒಂದ್ಸಲ ಕಣ್ಣು ತೋರಿಸಿಕೊಂಡು ಬರೋಣ ಬಾ” ಅಂದುಬಿಟ್ಟಳು.

“ಯಾರ ಕಣ್ಣು?”

“ನಿಂದೇ. ವಯಸ್ಸಾಯ್ತಲ್ಲ.”

ಅಪ್ಪನಿಗೆ ಕೋಪ ಬರಲಿಲ್ಲ, ನಗು ಬಂತು. ಕೋಪ ಬಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. “ನನಗೂ ಒಂದೊಂದ್ಸಲ ಅನುಮಾನ ಬರುತ್ತೆ ಮಗಳೇ. ಮೋಡ ಕಟ್ಟಿದ ದಿನ ಎಡಗಡೆ ಸ್ವಲ್ಪ ಮಬ್ಬು. ಆದ್ರೆ ಬೆಳಿಗ್ಗೆ ಎದ್ದು ಗಾಡಿ ನೋಡ್ತೀನಲ್ಲ, ಒಂದು ಗೀರಿರಲ್ಲ, ಒಂದು ತರಚಿರಲ್ಲ. ಕಣ್ಣು ಹೋದವನ ಗಾಡಿ ಹಾಗಿರುತ್ತಾ? ಇಷ್ಟು ವರ್ಷ ಆ ದಾರೀಲಿ ಹತ್ತಿ ಇಳಿದಿದೀನಿ. ಗಾಡಿ ಸುಳ್ಳು ಹೇಳಲ್ಲ ಕಣೆ.”

ಅವಳ ಕೈಯಲ್ಲಿ ಒದ್ದೆಬಟ್ಟೆ ಇನ್ನೂ ಹಾಗೇ ಇತ್ತು. ಗಾಡಿ ಸುಳ್ಳು ಹೇಳುತ್ತಿರಲಿಲ್ಲ ನಿಜ. ಪ್ರತಿದಿನವೂ ಅದು ನಿಜವನ್ನೇ ಹೊತ್ತುಕೊಂಡು ಮನೆಗೆ ಬರುತ್ತಿತ್ತು. ತೊಳೆದು ಹಾಕುತ್ತಿದ್ದವಳು ಅವಳು.

ಹಿತ್ತಲಲ್ಲಿ ಅಮ್ಮ ಬಕೆಟಿಗೆ ನೀರು ತುಂಬುತ್ತಿದ್ದಳು. ಮಗಳು ಬಿಳಿಯಾದ ಬಟ್ಟೆಯನ್ನು ಅವಳ ಮುಂದೆ ಹಿಡಿದಳು.

“ಚಕ್ರದ ಒಳಗಡೆ ಇತ್ತು.”

“ಒಳಗಡೆನಾ?”

“ಹೂಂ. ಕಲ್ಲು ದಾಟಿ ಹೋಗಿದಾನೆ. ದಾಟಿ, ಹೇಗೋ ವಾಪಸ್ ಬಂದಿದಾನೆ. ಅವನಿಗೇ ಗೊತ್ತಿಲ್ಲ.”

ಅಮ್ಮ ಬಟ್ಟೆಯನ್ನು ಮುಟ್ಟಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು, ಬಕೆಟು ತುಂಬಿ ಅವಳ ಕಾಲ ಮೇಲೆ ಚೆಲ್ಲುತ್ತಿತ್ತು. “ಹೇಳಿದ್ರೆ ಕೇಳ್ತಾರಾ?” ಅಂದಳು ಕೊನೆಗೆ.

“ನಾವು ಹೇಳಿದ್ರೆ ಕೇಳಲ್ಲ.”

“ಮತ್ತೆ?”

ತಾನು ಏನು ಮಾಡಬೇಕೆಂಬುದು ಮಗಳಿಗೆ ಆಗಲೇ ಹೊಳೆದಿತ್ತು. ಹೊಳೆದದ್ದಕ್ಕೇ ಅಳು ಬರುತ್ತಿತ್ತು. ಅಪ್ಪನನ್ನು ಹಿಡಿದುಕೊಟ್ಟಂತೆ ಆಗುತ್ತದಲ್ಲ ಎಂದು ಸಂಕಟವಾಗುತ್ತಿತ್ತು. ಅಮ್ಮ ಅವಳ ಮುಖ ನೋಡಿದಳು. ನಲ್ಲಿ ನಿಲ್ಲಿಸಿ, ತುಂಬಿದ ಬಕೆಟನ್ನು ಎರಡೂ ಕೈಯಲ್ಲಿ ಎತ್ತಿ ಗಿಡಗಳ ಬುಡಕ್ಕೆ ಸುರಿದಳು. ಬಕೆಟನ್ನು ಬೋರಲು ಹಾಕಿದಳು.

“ಮನೆಗೆ ಹೋಗು. ಬೆಳಿಗ್ಗೆ ಬೇಗ ಬಾ. ನಾನೊಬ್ಬಳೇ ಇರೋಕಾಗಲ್ಲ.”

ಬೆಳಿಗ್ಗೆ ಅವಳು ಬಂದಾಗ ಅಪ್ಪ ಆಗಲೇ ಅಂಗಿ ತೊಟ್ಟು, ಕೀಲಿಗೊಂಚಲು ಹಿಡಿದು ಅಂಗಳದಲ್ಲಿದ್ದ. ಜೀಪಿನ ಮುಂಭಾಗ, ಬಲಮಗ್ಗುಲು ಕನ್ನಡಿಯಂತಿದ್ದವು. ಅವನು ಬಲಗಡೆಯಿಂದ ಅಂಗೈ ಆಡಿಸುತ್ತಾ ಹಿಂಬದಿ ಸುತ್ತಿ ಎಡಕ್ಕೆ ಬಂದ. ಕೈ ತಟ್ಟನೆ ನಿಂತಿತು.

“ಏನೇ ಇದು, ಗಾಡಿಗೆ ಅರ್ಧ ಸ್ನಾನ ಮಾಡ್ಸಿ ಬಿಟ್ಟಿದೀಯಾ?” ಅವನು ನಗುತ್ತಲೇ ಕೇಳಿದ.

ಅಡುಗೆಯವನು ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು, “ಹೊರಡಿ ಯಜಮಾನ್ರೇ, ಹೊತ್ತಾಯ್ತು” ಎನ್ನುತ್ತಾ ಮುಂದಿನ ಸೀಟಿನಲ್ಲಿ ಕೂತು ಒರಗಿದ. ಎಡಬಾಗಿಲ ಮೇಲೆ ಒಣಗಿದ ಕೆಸರಿನ ನಡುವೆ ಉದ್ದಕ್ಕೆ ಹರಿದ ಗೀರೊಂದರ ಮೇಲೆ ಅಪ್ಪನ ಬೆರಳು ನಿಧಾನವಾಗಿ ಸಾಗಿತು. ಆಮೇಲೆ ಅವನು ಸೊಂಟ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತು, ರೂಢಿಯಂತೆ ಹಿಂದಿನ ಚಕ್ರದೊಳಕ್ಕೆ ಕೈ ತೂರಿಸಿದ. ಅಡಿಯ ಕಬ್ಬಿಣದ ವರೆಗೂ ತಡವಿ ನೋಡಿ ಕೈ ಹೊರತೆಗೆದ. ಅಂಗೈ ಬಿಳಿಯಾಗಿತ್ತು.

ಅವನಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಆ ಕಲ್ಲುಗಳ ಪಕ್ಕ ಅಷ್ಟು ವರ್ಷ ಗಾಡಿ ಓಡಿಸಿದವನು. ಸುಣ್ಣ ಹತ್ತಿದ ಕೈಯನ್ನು ಮುಖದ ಎಡಕ್ಕೆ ಹಿಡಿದು, ಇನ್ನೊಂದು ಕೈಯಿಂದ ಬಲಗಣ್ಣು ಮುಚ್ಚಿಕೊಂಡ. ಕೈಯನ್ನು ಹತ್ತಿರ ತಂದ, ದೂರ ಒಯ್ದ, ಮತ್ತೆ ಹತ್ತಿರ ತಂದ. ಮಗಳು ನೋಡಲಾಗದೆ ಅಮ್ಮನ ಕಡೆ ತಿರುಗಿದಳು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸಿಲಲ್ಲಿ ನಿಂತಿದ್ದಳು.

“ಎಷ್ಟು ದಿನದಿಂದ?” ಅಪ್ಪ ಕೇಳಿದ.

“ಮೂರ್ನಾಲ್ಕು ತಿಂಗಳಾಯ್ತಪ್ಪ. ಒಳಗಡೆ ಹತ್ತಿದ್ದು ನಿನ್ನೆನೇ ಮೊದಲು.”

“ದಿನಾ ತೊಳೀತಿದ್ದೆಯಾ?”

“ಹೂಂ.”

“ಯಾರು ತೊಳಿ ಅಂದ್ರು ನಿನಗೆ?” ಅವನ ಧ್ವನಿ ಒಮ್ಮೆಲೇ ಏರಿತು.

“ನೀನೇ ಅಂದೆಯಲ್ಲಪ್ಪ. ಒಂದು ಚೂರೂ ಉಳೀಬಾರ್ದು ಅಂತ.”

ಗೇಟಿನಾಚೆ ಉಳಿದ ನೌಕರರ ಮಾತು, ಕೆಮ್ಮು ಕೇಳಿಬರುತ್ತಿತ್ತು. ಅಪ್ಪ ಕೂತಲ್ಲಿಂದಲೇ ಕೀಲಿಗೊಂಚಲನ್ನು ಮಗಳ ಕೈಯಲ್ಲಿಟ್ಟ.

“ಆ ಗೋಪುರದ ಸಾಹೇಬರಿಗೆ ಫೋನ್ ಮಾಡು. ಇವತ್ತಿಂದ ಬೇರೆ ಗಾಡಿ ನೋಡ್ಕೊಳ್ಳಿ ಅನ್ನು. ಹೊರಗೆ ನಿಂತವರಿಗೆ ಏನು ಹೇಳ್ತೀಯೋ ಹೇಳು, ನನ್ನ ಕೇಳ್ಬೇಡ.” ಹೆಂಡತಿಯ ಕಡೆ ತಲೆಯೆತ್ತದೆಯೇ ಹೇಳಿದ, “ಒಂದು ಬಕೆಟ್ ನೀರು ಕೊಡೇ.”

ಅಮ್ಮ ಬೋರಲಾಗಿದ್ದ ಬಕೆಟನ್ನು ಎತ್ತಿಕೊಂಡು ನಲ್ಲಿಗೆ ಹೋದಳು. ನೀರು ತಂದು ಈ ಸಲ ಅವನ ಎಡಕ್ಕಿಟ್ಟಳು. ಅವನು ಕೈಯಾಡಿಸಿ ಬಕೆಟಿನ ಅಂಚು ಹುಡುಕಿ, ಬಟ್ಟೆ ಅದ್ದಿ ಹಿಂಡಿ, ಬಾಗಿಲ ಮೇಲಿನಿಂದ ಒರೆಸಲು ಶುರುಮಾಡಿದ, ಮೇಲಿನಿಂದ ಕೆಳಕ್ಕೆ. ಸೊಂಟ ನೋಯುತ್ತಿದ್ದುದರಿಂದ ಆಗಾಗ ನಿಲ್ಲುತ್ತಿದ್ದ. ಬಟ್ಟೆಯ ಒತ್ತಡಕ್ಕೆ ಜೀಪು ಮೆಲ್ಲಗೆ ಅಲುಗಾಡುತ್ತಿತ್ತು. ಮುಂದಿನ ಸೀಟಿನಲ್ಲಿ ಅಡುಗೆಯವನು ಕಣ್ಣು ಮುಚ್ಚಿ, ಗಾಡಿ ಆಗಲೇ ಬೆಟ್ಟ ಹತ್ತುತ್ತಿದೆಯೆಂಬಂತೆ, ನಿಶ್ಚಿಂತೆಯಿಂದ ಕೂತಿದ್ದ.