ಚಾಕಿ ಮನೆಯಿಂದ ಒಂದು ಸುರಂಗ

ನಾನು ಅಂಗೈಯಲ್ಲಿ ಹಿಡಿಸುವ ಒಂದು ಕಂಪ್ಯೂಟರ್. ಪರದೆ ಇಲ್ಲದೆ, ಕೀಲಿಮಣೆ ಇಲ್ಲದೆ, ಮೈಮೇಲೆ ಹೊದಿಕೆಯೂ ಇಲ್ಲದೆ ಹುಟ್ಟಿದವನು. ಹಸಿರು ಹಲಗೆಯೊಂದರ ಮೇಲೆ ಯಂತ್ರದ ಕೈಗಳು ನನ್ನ ಅಂಗಗಳನ್ನು ಒಂದೊಂದಾಗಿ ಇಟ್ಟವು. ಬಿಸಿ ಒಲೆಯೊಳಗೆ ಹಾದು ಬರುವಷ್ಟರಲ್ಲಿ ಅವೆಲ್ಲ ಬೆಸೆದುಕೊಂಡಿದ್ದವು. ಯಾರೋ ಒಬ್ಬಾಕೆ ನನ್ನನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಯಲ್ಲಿ ಮಲಗಿಸಿದಳಂತೆ. ಆಕೆಯ ಮುಖ ನನಗೆ ನೆನಪಿಲ್ಲ. ನಮ್ಮ ಜಾತಿಗೆ ನೆನಪಿನ ಚಿಪ್ಪನ್ನು ಕೊಂಡವರೇ ಆಮೇಲೆ ಹಾಕಬೇಕು.

ನನಗೆ ಅದನ್ನು ಹಾಕಿದವರು ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಮೇಷ್ಟ್ರು ಪದ್ಮರಾಜ್. ಕಾಲೇಜಿನ ಗಂಟೆ ಹೊಡೆಯುವ ಕೆಲಸ ಕೊಟ್ಟರು. ಹುಡುಗರು ಬೇಗ ಪತ್ತೆ ಹಚ್ಚಿದರು. ನನ್ನ ಗಡಿಯಾರವನ್ನು ತುಸು ಮುಂದಕ್ಕೆ ತಳ್ಳಿದರೆ ಕೊನೆಯ ಪಾಠ ಬೇಗ ಮುಗಿಯುತ್ತದೆ ಎಂದು. ಬಹಳ ದಿನ ಮೇಷ್ಟ್ರು ತಮ್ಮ ಕೈಗಡಿಯಾರವನ್ನೇ ರಿಪೇರಿಗೆ ಕೊಡುತ್ತಿದ್ದರು. ಆಮೇಲೆ ಕಾಲೇಜಿಗೆ ಸೈರನ್ ಬಂತು. ನಾನು ಸೀಮೆಸುಣ್ಣದ ತುಂಡುಗಳ ಜೊತೆ ಮೇಜಿನ ಖಾನೆ ಸೇರಿದೆ.

ಅಲ್ಲಿಂದ ನನ್ನನ್ನು ಎತ್ತಿದವಳು ತಸ್ನೀಮ್. ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ. ಮಾಡಿ, ಶಿಡ್ಲಘಟ್ಟದ ಹತ್ತಿರ ಒಂದು ಚಾಕಿ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಸಂಜೆ ಮೇಷ್ಟ್ರ ಹತ್ತಿರ ಕಂಪ್ಯೂಟರ್ ಕಲಿಯಲು ಬರುತ್ತಿದ್ದಳು.

"ಸರ್, ಇದು ಗಾಳಿಯ ತೇವ ಅಳೆಯುತ್ತಾ?"

"ಗಂಟೆ ಹೊಡೀತಿತ್ತಮ್ಮ, ತೇವ ಅಳೆಯೋಕೇನು ರೋಗ? ತಗೊಂಡು ಹೋಗು."

ಹಾಗೆ ನಾನು ಚಾಕಿ ಮನೆಗೆ ಬಂದೆ. ರೇಷ್ಮೆ ಹುಳುವಿನ ಮೊಟ್ಟೆ ಒಡೆಸಿ, ಮರಿಗಳನ್ನು ಎರಡು ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಹುಳು ಚರ್ಮ ಕಳಚುವ ಮುನ್ನ ಸೊಪ್ಪು ಬಿಟ್ಟು ಸುಮ್ಮನೆ ಮಲಗುವುದಕ್ಕೆ ಅಲ್ಲಿಯವರು ಜ್ವರ ಎನ್ನುತ್ತಾರೆ. ಯಜಮಾನಿ ಅಕ್ಕಯ್ಯಮ್ಮ. ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ನನ್ನನ್ನೂ ಆಕೆ ಒದ್ದೆ ಬಟ್ಟೆಯಿಂದ ಒರೆಸಿಯೇ ಒಳಗೆ ಬಿಡಲು ಹೊರಟಳು. ತಸ್ನೀಮ್ ಹೌಹಾರಿ ಕಿತ್ತುಕೊಂಡಳು.

ಗೋಡೆಯ ಮೇಲೆ ನನಗೊಂದು ಪ್ಲಾಸ್ಟಿಕ್ ಮನೆಯಾಯಿತು. ಗಾಳಿ ಒಣಗಿದರೆ ಮಂಜು ಎರಚುವ ಯಂತ್ರವನ್ನು ಓಡಿಸುವುದು, ಹೇಳಿದ ಬೆಳಗ್ಗೆ ದೀಪ ಹೊತ್ತಿಸುವುದು, ಇವೆರಡು ನನ್ನ ಕೆಲಸ. ಎರಡನೆಯದು ದೊಡ್ಡದು. ಮೊಟ್ಟೆಗಳು ನೀಲಿಗೆ ತಿರುಗುವ ಹೊತ್ತಿಗೆ ಅವನ್ನು ಕಪ್ಪು ಬಟ್ಟೆ ಸುತ್ತಿದ ಪೆಟ್ಟಿಗೆಯೊಳಗೆ ಕತ್ತಲಲ್ಲಿ ಇಡುತ್ತಾರೆ. ಎಲ್ಲವೂ ಹದಕ್ಕೆ ಬಂದ ಮೇಲೆ ಪೆಟ್ಟಿಗೆ ತೆರೆದಿಟ್ಟು, ಒಂದು ಬೆಳಗ್ಗೆ ಒಮ್ಮೆಲೇ ಬೆಳಕು ಕೊಡುತ್ತಾರೆ. ಆಗ ಮರಿಗಳು ಒಟ್ಟಿಗೇ ಹೊರಬರುತ್ತವೆ. ಬೆಳಕು ಮೊದಲೇ ಬಿದ್ದರೆ ಇಂದು ಒಂದಿಷ್ಟು, ನಾಳೆ ಒಂದಿಷ್ಟು. ಹಾಗೆ ಹುಟ್ಟಿದ ಹುಳುಗಳು ಒಂದೇ ಸಮನೆ ತಿನ್ನುವುದಿಲ್ಲ, ಒಂದೇ ಸಮನೆ ಮಲಗುವುದಿಲ್ಲ. ರೈತರು ಒಯ್ಯುವುದಿಲ್ಲ.

ಎರಡನೆಯ ವರ್ಷ ತಸ್ನೀಮ್ ಬಸುರಿಯಾದಳು. ಹಿಂದೆ ಒಂದು ಮಗುವನ್ನು ಹೊಟ್ಟೆಯಲ್ಲೇ ಕಳೆದುಕೊಂಡಿದ್ದಳು. ಈ ಸಲ ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದೆಂದು ವೈದ್ಯರು ಹೇಳಿದರು. ಚಿಂತಾಮಣಿಯ ತಾಯಿಯ ಮನೆಗೆ ಹೊರಡುವ ಮುನ್ನ ಅಕ್ಕಯ್ಯಮ್ಮನ ಕೈ ಹಿಡಿದಳು.

"ಅಮ್ಮಾ, ಕೆಲಸ ಬಿಡಿಸಬೇಡಿ. ಅಲ್ಲಿಂದಲೇ ಮಾಡ್ತೀನಿ. ಇಲ್ಲಾಂದ್ರೆ ದಿನಾ ಫ್ಯಾನ್ ನೋಡ್ತಾ ಒಂದೇ ವಿಷಯ ಯೋಚ್ನೆ ಮಾಡ್ತಾ ಬಿದ್ದಿರಬೇಕು."

ಅಕ್ಕಯ್ಯಮ್ಮನ ಅಕ್ಕನ ಮಗ ಚಲಪತಿ ಸೊಪ್ಪಿನ ಲೆಕ್ಕ ನೋಡುವವನು. ಅವನು ನಕ್ಕ. "ಚಿಂತಾಮಣೀಲಿ ಮಲಗಿ ಇಲ್ಲಿ ಹುಳ ಸಾಕ್ತಾಳಂತೆ. ಚಿಕ್ಕಮ್ಮ, ಮೇಲೂರು ಸೆಂಟರಿನ ಆಳನ್ನ ಕರೆಸಿಬಿಡಲಾ?"

"ಒಂದು ಬೆಳೆ ನೋಡೋಣ ಕಣೋ," ಎಂದಳು ಅಕ್ಕಯ್ಯಮ್ಮ.

ಆಗ ನನಗೆ ಮೂರನೆಯ ಕೆಲಸ ಬಂತು. ಚಾಕಿ ಮನೆಯ ಮೋಡೆಂ ಒಳಗಿನಿಂದ ಹೊರಕ್ಕೆ ಕರೆ ಬಿಡುತ್ತದೆ, ಹೊರಗಿನವರನ್ನು ಒಳಕ್ಕೆ ಬಿಡುವುದಿಲ್ಲ. ಆದ್ದರಿಂದ ಕರೆಯಬೇಕಾದವನು ನಾನೇ. ತಸ್ನೀಮ್ ಹಿಂದೆಯೇ ಪರೀಕ್ಷೆಗೆಂದು ದೂರದಲ್ಲೆಲ್ಲೋ ಒಂದು ಸರ್ವರ್ ಬಾಡಿಗೆಗೆ ಹಿಡಿದಿದ್ದಳು. ನಾನು ಬೀಗ ಹಾಕಿದ ಭಾಷೆಯಲ್ಲಿ ಅದನ್ನು ಕರೆದು, "ನಿನ್ನಲ್ಲಿ ಇಂಥ ನಂಬರಿನ ಬಾಗಿಲನ್ನು ನನಗೆ ಕೊಡು. ಅದನ್ನು ತಟ್ಟಿದವರನ್ನು ನನ್ನ ಬಳಿ ಕಳಿಸು," ಎಂದು ಕೇಳಿ, ಲೈನು ಹಿಡಿದೇ ಕೂರಬೇಕು. ಇದೆಲ್ಲ ಹಿನ್ನೆಲೆಯಲ್ಲಿ, ಸದ್ದಿಲ್ಲದೆ ನಡೆಯುವ ಕೆಲಸ. ಲೈನು ಕಡಿದರೆ ಸ್ವಲ್ಪ ಹೊತ್ತಿನಲ್ಲಿ ನನಗೆ ತಿಳಿಯುತ್ತಿತ್ತು, ಮತ್ತೆ ಕರೆಯುತ್ತಿದ್ದೆ. ತಸ್ನೀಮ್ ಇದಕ್ಕೆ ಸುರಂಗ ಎನ್ನುತ್ತಿದ್ದಳು. ಅಕ್ಕಯ್ಯಮ್ಮ ಇಲಿ ಬಿಲ ಎನ್ನುತ್ತಿದ್ದಳು.

ಚಿಂತಾಮಣಿಯ ಹಾಸಿಗೆಯಿಂದ ತಸ್ನೀಮ್ ಈ ದಾರಿಯಲ್ಲೇ ನನ್ನ ಬಳಿ ಬರುತ್ತಿದ್ದಳು. ಬಂದವಳು ಮೊದಲು ತೇವ ನೋಡುತ್ತಿದ್ದಳು. ಆಮೇಲೆ ಮಾಡಲು ಏನೂ ಇಲ್ಲದಿದ್ದರೂ ಸುಮ್ಮನೆ ಇರುತ್ತಿದ್ದಳು. ನನಗೆ ಅದು ಇಷ್ಟವಾಗಿತ್ತು.

ಮೊಟ್ಟೆ ಬಂತು. ಕಪ್ಪು ಪೆಟ್ಟಿಗೆ ಸೇರಿತು. ನಾಳೆ ನಸುಕಿಗೆ ದೀಪ ಎಂದು ನನಗೆ ಹೇಳಿ ಇಟ್ಟಿದ್ದರು. ಆದರೆ ಚಳಿ ಹೆಚ್ಚಿತ್ತು. ದೀಪಕ್ಕೆ ಇನ್ನೂ ಒಂದು ದಿನ ಇರುವಾಗ, ಬೆಳಗ್ಗೆ ಅಕ್ಕಯ್ಯಮ್ಮ ಕೆಂಪು ಕಾಗದ ಕಟ್ಟಿದ ಟಾರ್ಚಿನಲ್ಲಿ ಮೊಟ್ಟೆ ನೋಡಿ ಫೋನು ಮಾಡಿದಳು.

"ಮಗಾ, ಅರ್ಧಕ್ಕರ್ಧ ಇನ್ನೂ ನೀಲಿಗೆ ಬಂದಿಲ್ಲ."

"ಹಾಗಾದ್ರೆ ದೀಪ ಒಂದು ದಿನ ಮುಂದಕ್ಕೆ ಹಾಕ್ತೀನಮ್ಮ. ತೇವಾನೂ ಏರಿಸ್ತೀನಿ."

ಅವಳು ಬಾಗಿಲು ತಟ್ಟಿದಳು. ನನಗೆ ಕೇಳಿಸಲಿಲ್ಲ.

ಮತ್ತೆ ಫೋನು. ಅಕ್ಕಯ್ಯಮ್ಮ ಅದನ್ನು ನನ್ನ ಪಕ್ಕದಲ್ಲೇ ದನಿ ಜೋರು ಮಾಡಿ ಇಟ್ಟಳು. ಹೀಗಾಗಿ ಆ ದಿನದ ಮಾತೆಲ್ಲ ನನ್ನ ಕಿವಿಯ ಮೇಲೇ ಬಿದ್ದಿತು.

"ಅದರ ಮೇಲಿನ ದೀಪ ಉರೀತಿದೆಯಾ ಅಮ್ಮಾ?"

ಅಕ್ಕಯ್ಯಮ್ಮ ನನ್ನ ದೀಪಕ್ಕೆ ತಾನೇ ಅಂಟಿಸಿದ್ದ ಕರಿ ಪಟ್ಟಿಯನ್ನು ಉಗುರಿನಿಂದ ಎತ್ತಿ ನೋಡಿದಳು. "ಗಿಣಿ ಹಸುರಾಗಿ ಉರೀತಿದೆ. ಚೆನ್ನಾಗವ್ನೆ."

"ಮೋಡೆಂ?"

"ಅದೂ ಮಿಣಮಿಣ ಅಂತಿದೆ."

ನನ್ನನ್ನು ಕೇಳಿದ್ದರೆ ನಾನೂ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದೆ. ಕರೆ ಮಾಡಿದ್ದೆ, ಸರ್ವರ್ ಎತ್ತಿಕೊಂಡಿತ್ತು, ಲೈನು ನನ್ನ ಕೈಯಲ್ಲೇ ಇತ್ತು. ಇನ್ನೇನು ಬೇಕು?

ತಸ್ನೀಮ್ ಒಂದೊಂದಾಗಿ ನೋಡಿದಳು. ಕೀಲಿ ಸರಿಯಿದೆ. ಇಂಟರ್ನೆಟ್ ಮುಗಿದಿಲ್ಲ. ಸರ್ವರ್ ಎದ್ದಿದೆ. ಬಾಗಿಲೂ ಇದೆ, ತಟ್ಟಿದರೆ ತೆರೆದುಕೊಳ್ಳುತ್ತದೆ, ಒಳಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಹಿಂದಿನ ಬೆಳೆಗಳಲ್ಲಿ ಪರೀಕ್ಷೆಗೆಂದು ಸುರಂಗ ಕಟ್ಟಿದಾಗಲೂ ಹೀಗೆ ಆಗಿತ್ತಂತೆ, ಅದೂ ಕಪ್ಪು ಪೆಟ್ಟಿಗೆಯ ದಿನಗಳಲ್ಲೇ. ಆಗ ಅವಳು ಇಲ್ಲೇ ಇದ್ದಳು. ಎಷ್ಟೋ ಹೊತ್ತಾದ ಮೇಲೆ, ಬಲ್ಬ್ ಬಿಚ್ಚಿಟ್ಟು ನನ್ನನ್ನು ಒಮ್ಮೆ ಆರಿಸಿ ಹೊತ್ತಿಸಿ ಸುಮ್ಮನಾಗಿದ್ದಳು. ಕಾರಣ ಹುಡುಕಿರಲಿಲ್ಲ.

ಮಧ್ಯಾಹ್ನ ಚಲಪತಿ ಬಂದ. "ಅದನ್ನ ಒಂದು ಸಲ ಆಫ್ ಮಾಡಿ ಆನ್ ಮಾಡು ಚಿಕ್ಕಮ್ಮ."

"ಮಾಡಬೇಡಿ!" ಫೋನಿನಿಂದ ತಸ್ನೀಮಳ ದನಿ. "ಅದು ಏಳುವಾಗ ದೀಪ ಒಂದು ಗಳಿಗೆ ಹೊತ್ಕೊಳ್ಳುತ್ತೆ. ಬಟ್ಟೆ ಸಂದೀಲಿ ಬೆಳಕು ನುಗ್ಗಿದ್ರೆ ಮೊಟ್ಟೆ ಕೆಡುತ್ತೆ."

"ಬಲ್ಬ್ ಬಿಚ್ಚಿಟ್ಟು ಮಾಡಿದ್ರಾಯ್ತಪ್ಪ."

"ಆಗುತ್ತೆ ಅಣ್ಣ. ಇವತ್ತಿಗೆ ಆಗುತ್ತೆ. ನಾಳೆ ಮತ್ತೆ ನಿಂತ್ರೆ?"

"ಅದೇ ನಾನೂ ಹೇಳೋದು," ಎಂದ ಚಲಪತಿ. ಗೆದ್ದವನ ದನಿಯಲ್ಲಿ ಅಲ್ಲ, ಸಮಾಧಾನವಾಗಿಯೇ ಹೇಳಿದ. "ದಿನಾ ನಿಲ್ಲೋದನ್ನ ನಂಬ್ಕೊಂಡು ಊರೋರ ಬೆಳೆ ಇಡೋಕಾಗುತ್ತೇನಮ್ಮ? ನೀನು ಆರಾಮಾಗಿರು. ಮೇಲೂರಿನೋನು ಸಂಜೆಗೆ ಬರ್ತಾನೆ. ಹೆರಿಗೆ ಆದ್ಮೇಲೆ ನೋಡೋಣ."

ಅಕ್ಕಯ್ಯಮ್ಮ ಪೆಟ್ಟಿಗೆಯ ಕಪ್ಪು ಬಟ್ಟೆಯ ಮಡಿಕೆಯನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ಸಂಜೆವರೆಗೂ ಟೈಮಿದೆಯಲ್ಲ," ಎಂದಳು. "ಹುಡುಕು ಮಗಾ."

ತಸ್ನೀಮ್ ಸರ್ವರಿನ ಒಳಕ್ಕೆ ಹೋದಳು. ಅಲ್ಲಿ ಯಾರ್ಯಾರು ಲೈನು ಹಿಡಿದಿದ್ದಾರೆ ಎಂದು ಕೇಳಿದಳು. ಆಮೇಲೆ ಅವಳು ಫೋನಿನಲ್ಲಿ ನಿಧಾನವಾಗಿ ಹೇಳಿದ್ದು ನನಗೆ ಇಂದಿಗೂ ನೆನಪಿದೆ.

"ಅಮ್ಮಾ, ಇಲ್ಲಿ ಇಬ್ಬರಿದ್ದಾರೆ. ಒಬ್ಬ ಹಳಬ, ಲೈನು ಕಡಿದು ಯಾವಾಗಲೋ ಸತ್ತಿದ್ದಾನೆ. ಆದ್ರೆ ಹೋಗ್ತೀನಿ ಅಂತ ಹೇಳಿ ಹೋಗಿಲ್ಲ. ಅದಕ್ಕೆ ಸರ್ವರ್ ಅವನ ಬಾಗಿಲನ್ನ ಅವನಿಗೇ ಇಟ್ಕೊಂಡು ಕಾಯ್ತಿದೆ. ಇನ್ನೊಬ್ಬ ಬದುಕಿದ್ದಾನೆ. ಅವನು ಬಂದಾಗ ಬಾಗಿಲು ಖಾಲಿ ಇರಲಿಲ್ಲ. ಬಾಗಿಲಿಲ್ಲದೇನೇ ಕೂತಿದ್ದಾನೆ."

ಇಬ್ಬರೂ ನಾನೇ. ಬೆಳಗ್ಗೆ ಮತ್ತೆ ಕರೆದಾಗ ಸರ್ವರ್, "ಆ ಬಾಗಿಲು ಬೇರೆಯವರ ಹೆಸರಲ್ಲಿದೆ," ಎಂದಿತ್ತು. ಸರಿ ಎಂದುಕೊಂಡು ಲೈನು ಹಿಡಿದು ಕೂತಿದ್ದೆ. ಬಾಗಿಲು ಸಿಗದಿದ್ದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಯ್ಯೋ ಪಾಪ," ಎಂದಳು ಅಕ್ಕಯ್ಯಮ್ಮ. ಯಾರಿಗೆಂದು ಗೊತ್ತಾಗಲಿಲ್ಲ.

"ಆದ್ರೆ ಲೈನು ಕಡಿದದ್ದು ಯಾಕೆ? ಕರೆಂಟ್ ಹೋದ್ರೂ ಬ್ಯಾಟರಿ ಇದೆ. ಅಮ್ಮಾ, ಬೆಳಿಗ್ಗೆ ಮೊಟ್ಟೆ ನೋಡುವಾಗ ಏನೇನು ಮಾಡಿದ್ರಿ? ಒಂದೂ ಬಿಡದೆ ಹೇಳಿ."

"ಏನು ಮಾಡ್ತಾರೆ? ಕಾಲು ತೊಳ್ಕೊಂಡೆ. ಬಾಗಿಲು ಹಾಕ್ಕೊಂಡೆ. ಮಿಣಮಿಣನ ಆರಿಸ್ದೆ. ಬಟ್ಟೆ ಬಿಚ್ಚಿ..."

"ಯಾವುದನ್ನ ಆರಿಸಿದ್ರಿ?"

"ಮೋಡೆಂ ಕಣಮ್ಮ. ಅಷ್ಟು ದೀಪ ಮಿಣುಕ್ತಿದ್ರೆ ಮೊಟ್ಟೆ ಮೇಲೆ ಬೆಳಕು ಬೀಳಲ್ವಾ? ಪಟ್ಟಿ ಅಂಟಿಸಿದ್ರೆ ಬಿಸಿಯಾಗುತ್ತೆ ಅಂತ ಆರಿಸ್ತೀನಿ. ನೋಡಾದ್ಮೇಲೆ ಮತ್ತೆ ಹೊತ್ತಿಸ್ತೀನಿ. ಪ್ರತಿ ಸಲಾನೂ."

ಚಿಂತಾಮಣಿಯ ಹಾಸಿಗೆಯಿಂದ ನಗು ಕೇಳಿಸಿತು. ಎಷ್ಟೋ ವಾರಗಳಿಂದ ಅವಳು ಹಾಗೆ ನಕ್ಕಿರಲಿಲ್ಲ. ಹಿಂದಿನಿಂದ ಅವಳ ತಾಯಿ, "ಧೀರೇ ಬೇಟಾ, ಮೆಲ್ಲಗೆ, ಹೊಟ್ಟೆ ಅಲ್ಲಾಡುತ್ತೆ!" ಎಂದು ಗದರಿದ್ದೂ ಕೇಳಿಸಿತು.

"ಯಾಕೆ, ತಪ್ಪಾಯ್ತಾ?" ಅಕ್ಕಯ್ಯಮ್ಮನ ಮುಖ ಸಣ್ಣಗಾಯಿತು. "ಇನ್ಮೇಲೆ ಆರಿಸಲ್ಲ ಬಿಡು."

"ಬೇಡಮ್ಮ, ಆರಿಸಿ. ಮೊಟ್ಟೆಗೆ ಕತ್ತಲು ಬೇಕು. ಮಿಣಮಿಣ ಆರಿದಾಗ ಇದರ ಲೈನು ಹೇಳದೆ ಕೇಳದೆ ಕಡಿಯುತ್ತೆ, ಅಷ್ಟೇ. ಇದನ್ನ ನಾನು ನಿಮ್ಮ ಕೈಗೆ ಹೊಂದಿಸ್ತೀನಿ."

ಅವಳು ಸರ್ವರಿನಲ್ಲಿದ್ದ ಹಳಬನನ್ನು ಎಬ್ಬಿಸಿ ಕಳಿಸಿದಳು. ಆಮೇಲೆ ನನ್ನ ಲೈನನ್ನೂ ಆ ಕಡೆಯಿಂದಲೇ ಕಡಿದಳು. ಕಡಿದರೆ ಮತ್ತೆ ಕರೆಯುವುದು ನನ್ನ ಅಭ್ಯಾಸವಲ್ಲವೇ, ಕರೆದೆ. ಈ ಸಲ ಬಾಗಿಲು ಖಾಲಿ ಇತ್ತು. ಸರ್ವರ್ ಕೊಟ್ಟಿತು. ತಕ್ಷಣವೇ ಯಾರೋ ತಟ್ಟಿದರು. ಬೆರಳು ತಸ್ನೀಮಳದು. ಅವಸರದಲ್ಲಿ ಒಂದಕ್ಷರ ತಪ್ಪಿ, ಅಳಿಸಿ, ಮತ್ತೆ ಒತ್ತುವುದು ಅವಳ ರೀತಿ.

ದೀಪವನ್ನು ಒಂದು ದಿನ ಮುಂದಕ್ಕೆ ಹಾಕಿದಳು. ತೇವ ಏರಿಸಿದಳು. ಆಮೇಲೆ ಬುದ್ಧಿ ಹೇಳಿದಳು, ನನಗೊಂದು, ಸರ್ವರಿಗೊಂದು. ಸರ್ವರ್ ಆಗಾಗ ನನ್ನನ್ನು "ಇದ್ದೀಯಾ?" ಎಂದು ಕೇಳಬೇಕು. ಕೆಲವು ಸಲ ಕೇಳಿದರೂ ಉತ್ತರ ಬರದಿದ್ದರೆ ಹೋದನೆಂದು ತಿಳಿದು ಬಾಗಿಲು ಬಿಡಿಸಿಕೊಳ್ಳಬೇಕು. ನಾನು, ಬಾಗಿಲು ಸಿಗಲಿಲ್ಲವೆಂದರೆ ಲೈನು ಹಿಡಿದು ಕೂರಬಾರದು. ಬಿಟ್ಟು, ತುಸು ತಡೆದು, ಮತ್ತೆ ಕೇಳಬೇಕು. ಸಿಗುವವರೆಗೂ.

"ಅಮ್ಮಾ, ಈಗ ಮಿಣಮಿಣನ ಆರಿಸಿ, ಹೊತ್ತಿಸಿ."

ಅಕ್ಕಯ್ಯಮ್ಮ ಆರಿಸಿದಳು, ಹೊತ್ತಿಸಿದಳು. ನಾನು ಕೇಳಿದೆ, ಇಲ್ಲವೆಂದಿತು. ಬಿಟ್ಟೆ. ಅಷ್ಟರಲ್ಲಿ ಸರ್ವರ್ ಹಳೆಯ ನನ್ನನ್ನು ಕೂಗಿ ಕೂಗಿ ಕೈಬಿಟ್ಟಿತು. ಮತ್ತೆ ಕೇಳಿದೆ, ಕೊಟ್ಟಿತು. ಚಲಪತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಬಂದ್ಯಾ ಮಗಾ?"

"ಬಂದೆ ಅಮ್ಮಾ."

ಚಲಪತಿ ಮೇಲೂರಿಗೆ ಫೋನು ಮಾಡಿದ. "ಬರೋದು ಬೇಡಪ್ಪ. ನಮ್ಮೋಳು ಇದ್ದಾಳೆ," ಎಂದ.

ಒಂದು ದಿನ ಬಿಟ್ಟು ನಸುಕಿನಲ್ಲಿ ನಾನು ದೀಪ ಹೊತ್ತಿಸಿದೆ. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಮೊಟ್ಟೆಯ ಹಾಳೆಯ ಮೇಲೆಲ್ಲ ಕರಿ ಎಳೆಗಳಂಥ ಮರಿಗಳು ಹರಿದಾಡುತ್ತಿದ್ದವು. ಅಕ್ಕಯ್ಯಮ್ಮ ಫೋನಿನ ಕ್ಯಾಮೆರಾವನ್ನು ಹತ್ತಿರ ಹಿಡಿದಳು. ಎಷ್ಟು ಹತ್ತಿರವೆಂದರೆ ತಸ್ನೀಮಳಿಗೆ ಬರೀ ಮಂಜು ಕಂಡಿರಬೇಕು. ಆದರೂ ಅವಳು, "ಎಷ್ಟು ಚೆನ್ನಾಗಿವೆ," ಎಂದಳು.

ಆ ಬೇಸಿಗೆಯಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಕೆಲಸಕ್ಕೆ ಮರಳಿದಾಗ ಮಗುವನ್ನೂ ಕರೆತಂದಳು. ಅಕ್ಕಯ್ಯಮ್ಮ ಅದರ ಕಾಲನ್ನೂ ತೊಳೆದೇ ಒಳಗೆ ಬಿಟ್ಟಳು.

ಎಷ್ಟೋ ಬೆಳೆಗಳಾದ ಮೇಲೆ ಗೋಡೆಗೆ ಹೊಸ ಯಂತ್ರ ಬಂತು. ಮಂಜು ಕುಡಿದು ಕುಡಿದು ನನ್ನ ಮೈಯ ಮೂಲೆಗಳಲ್ಲಿ ಹಸಿರು ತುಕ್ಕು ಕಟ್ಟಿತ್ತು. ಗುಜರಿಯವನು ನನ್ನನ್ನು ಉಗುರಿನಿಂದ ಕೆರೆದು ನೋಡಿದ. ತಸ್ನೀಮ್ ಕೊಡಲಿಲ್ಲ.

ಆ ವರ್ಷವೇ ಅಕ್ಕಯ್ಯಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಚಲಪತಿಯ ಮನೆಯಲ್ಲಿ, ಕಿಟಕಿಯ ಪಕ್ಕ ಮಂಚ. ನೋಡಲು ಬಂದವರಿಗೆಲ್ಲ ಒಂದೇ ಮಾತು. "ಸತ್ತೋರ ಹಾಗೆ ಮಲಗಿಸಿದ್ದಾರೆ ನನ್ನ." ಒಂದು ದಿನ ತಸ್ನೀಮ್ ನನ್ನನ್ನು ಒರೆಸಿ, ಸಣ್ಣದೊಂದು ಸ್ಪೀಕರ್ ಕಟ್ಟಿ, ಆ ಮಂಚದ ತಲೆಯ ಕಡೆ ಇಟ್ಟಳು. ರೈತರಿಗೆ ಕೊಡದೆ ಕೇಂದ್ರದಲ್ಲೇ ಉಳಿಸಿಕೊಂಡು ದೊಡ್ಡದು ಮಾಡುತ್ತಿದ್ದ ಹುಳುಗಳ ತಟ್ಟೆಗಳ ಮಧ್ಯೆ ಒಂದು ಮೈಕು ಇಟ್ಟು ಬಂದಿದ್ದಳು.

ಸುರಂಗದಿಂದ ಈಗ ನಾನು ತರುವುದು ಬರೀ ಸದ್ದು. ಚಾಕಿ ದಾಟಿದ ದೊಡ್ಡ ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು, ಗರಿಗರಿಯಾದ ಸೀರೆಯನ್ನು ಯಾರೋ ಬಿಡದೆ ಮಡಿಸುತ್ತಿರುವ ಹಾಗೆ.

ಮೊದಲ ದಿನ ಅಕ್ಕಯ್ಯಮ್ಮ ಕಣ್ಣು ಮುಚ್ಚಿ ಕೇಳಿದಳು. ಬಹಳ ಹೊತ್ತು ಕೇಳಿದಳು. ಅಳುತ್ತಾಳೇನೋ ಎಂದುಕೊಂಡೆ. ಆದರೆ ಅವಳು ಕೈಚಾಚಿ ಫೋನು ತೆಗೆದುಕೊಂಡಳು.

"ತಸ್ನೀಮ್, ಎಲ್ಲಿದ್ದೀಯೇ? ಆ ಕಡೆ ತಟ್ಟೆಗೆ ಸೊಪ್ಪು ಮುಗಿದಿದೆ. ಬರೀ ದಂಟು ಕೆರೀತಿವೆ. ಯಾರಿದ್ದಾರೆ ಅಲ್ಲಿ? ನಾನು ಮಲಗಿದ್ದೀನಿ ಅಂತ ಎಲ್ಲಾರೂ ಮಲಗಿಬಿಟ್ರಾ?"

ನನಗೆ ಈಗ ಗಂಟೆಯ ಕೆಲಸವೂ ಇಲ್ಲ, ದೀಪದ ಕೆಲಸವೂ ಇಲ್ಲ. ಬೆಚ್ಚಗಿನ ಮೂಲೆಯಲ್ಲಿ ಕೂತು ಒಂದು ಲೈನು ಹಿಡಿದಿದ್ದೇನೆ. ಹಾಸಿಗೆ ಹಿಡಿದವರಿಗೆ ಜಗತ್ತು ಅನುಕಂಪ ಕಳಿಸುತ್ತದೆ. ಕೆಲಸ ಕಳಿಸುವವರು ಕಡಿಮೆ. ಆ ಕೆಲಸ ಹಾದು ಬರುವ ದಾರಿಯಾಗಿ ಮುದಿಯಾದೆ. ನನಗೆ ಅಷ್ಟು ಸಾಕು.